ಮೊಳೆಯ ಮೇಲಿದ್ದ ಗೆಜ್ಜೆಪಟ್ಟಿಗಳು

ಬೆಳಗ್ಗೆ ಎಂಟಕ್ಕೆ ಕಟ್ಟಡದ ಹಿತ್ತಲಲ್ಲಿ, ಪುಸ್ತಕಕ್ಕೆ ರಟ್ಟು ಕಟ್ಟುವ ಬೈಂಡಿಂಗ್ ಅಕ್ಕನ ಹೆಣ ಸಿಕ್ಕಿತು. ತಾರಸಿಯಿಂದ ಬಿದ್ದಿದ್ದಳು. ಹತ್ತಕ್ಕೆ ಇನ್‌ಸ್ಪೆಕ್ಟರು ಆ ತಾರಸಿಯಲ್ಲಿ ಹಕ್ಕಿ ಸಾಕುವ ಪಾರಿವಾಳದ ತಾತನ ರಟ್ಟೆ ಹಿಡಿದಿದ್ದರು.

ನಾನು ಅದೇ ಕಟ್ಟಡದ ನೆಲಮಹಡಿಯ ದರ್ಜಿ. ನಿವೃತ್ತ ನರ್ಸ್ ಆದ ನನ್ನ ದೊಡ್ಡಮ್ಮ ನನ್ನ ಜೊತೆಗಿದ್ದಳು. ಯಾರ ಮನೆಯಲ್ಲಿ ಏನು ಕಳೆದರೂ ಜನ ಮೊದಲು ಅವಳ ಬಾಗಿಲು ತಟ್ಟುತ್ತಿದ್ದರು.

"ನರ್ಸಮ್ಮ, ನಾನು ತಳ್ಳಿಲ್ಲ," ಎಂದ ತಾತ. "ನಾನು ಜೈಲಿಗೆ ಹೋದ್ರೆ ಹಾಸಿಗೇಲಿರೋ ನನ್ನ ಹೆಂಡತಿಗೆ ಒಂದು ಲೋಟ ನೀರು ಕೊಡೋರು ಯಾರು?"

ಆದರೆ ಎಲ್ಲವೂ ಅವನಿಗೆ ವಿರುದ್ಧವಾಗಿತ್ತು. ತಾರಸಿಯಲ್ಲಿ ಅವನ ಬಿಳಿ ಪಾರಿವಾಳ ಕತ್ತು ಹರಿದು ಸತ್ತಿತ್ತು, ಪಕ್ಕದಲ್ಲಿ ಅಕ್ಕನ ಎರಡು ಬೆಕ್ಕುಗಳಲ್ಲಿ ಒಂದಾದ ತುಂಟಿ ಬಾಯಿ ನೆಕ್ಕುತ್ತಿತ್ತು. ನನ್ನ ಅಂಗಡಿಗೆ ಬಂದು ನೂಲಿನ ಉಂಡೆ ಉರುಳಿಸಿ ನಗಿಸುತ್ತಿದ್ದ ಬೆಕ್ಕು ಅದು. ಬೆಕ್ಕಿಗೆ ಚೆಲ್ಲಾಟ, ತಾತನಿಗೆ ಪ್ರಾಣಸಂಕಟ.

"ಬೆಕ್ಕನ್ನ ಹಿಡಿಯೋಕೆ ಅಕ್ಕ ಮೇಲೆ ಹೋಗಿದ್ದಾಳೆ. ಸತ್ತ ಹಕ್ಕಿ ನೋಡಿ ಈತ ತಳ್ಳಿದ್ದಾನೆ," ಎಂದ ಅಕ್ಕನ ತಮ್ಮ. ಮನೆ ಮಾರೋಣವೆಂದು ಅಕ್ಕನನ್ನು ಒಪ್ಪಿಸಲು ಅವನು ಹಿಂದಿನ ದಿನವಷ್ಟೇ ಊರಿನಿಂದ ಬಂದಿದ್ದ. ಸಾವಿನ ಹೊತ್ತಿಗೆ ತಿರುಗಾಡಲು ಹೋಗಿದ್ದನಂತೆ. ಅಷ್ಟು ಸೆಕೆಯಲ್ಲೂ ತುಂಬುತೋಳಿನ ಅಂಗಿಯ ಗುಂಡಿ ಬಿಗಿದಿದ್ದ.

ದೊಡ್ಡಮ್ಮ ತಾರಸಿಗೆ ಹೋಗಿಬಂದಳು. ಅಂಟು ಹಚ್ಚಿದ ಪುಸ್ತಕದ ರಟ್ಟುಗಳು ಅಲ್ಲಿ ಸಾಲಾಗಿ ಬಿಸಿಲಿಗೆ ಒಣಗುತ್ತಿದ್ದವು. ತುಂಟಿಯನ್ನು ಎತ್ತಿ ತಂದು ಎಲ್ಲರನ್ನೂ ಅಕ್ಕನ ಕೋಣೆಗೆ ಕರೆದಳು. ಬಾಗಿಲು ಮುಚ್ಚಿದ ಕೂಡಲೇ ತುಂಟಿ ಅದನ್ನು ಕೆರೆಯತೊಡಗಿತು.

"ಪಾಪ, ಯಾರಾದ್ರೂ ಅದನ್ನ ಹೊರಗೆ ಬಿಡಿ," ಎಂದಳು ದೊಡ್ಡಮ್ಮ.

ತಮ್ಮ ಎದ್ದು ಅಗುಳಿ ತೆಗೆದ.

"ಬೇಡಪ್ಪ, ಗೆಜ್ಜೆ ಕಟ್ಟದೆ ಬಿಡಬೇಡ," ಎಂದು ಇನ್‌ಸ್ಪೆಕ್ಟರ ಹಿಡಿತದಲ್ಲಿದ್ದ ತಾತ ಒದ್ದಾಡಿದ.

ದೊಡ್ಡಮ್ಮ ಬಾಗಿಲ ಪಕ್ಕದ ಮೊಳೆ ತೋರಿಸಿದಳು. ಎರಡು ಬೆಕ್ಕುಗಳ ಎರಡು ಗೆಜ್ಜೆಪಟ್ಟಿಗಳೂ ಅಲ್ಲೇ ತೂಗುತ್ತಿದ್ದವು. ಅವನ್ನು ಹೊಲಿದುಕೊಟ್ಟವನು ನಾನೇ, ಆದರೂ ನನಗೆ ಹೊಳೆದಿರಲಿಲ್ಲ. ನಾಚಿಕೆಯಾಯಿತು.

"ಹೋದ ವರ್ಷ ತುಂಟಿ ಒಂದು ಹಕ್ಕಿ ಹಿಡಿದಾಗ ಅಕ್ಕ ತಾತನಿಗೆ ಮಾತು ಕೊಟ್ಟಳು. ಹೊರಗೆ ಬಿಡೋವಾಗ ಹಕ್ಕಿಗಳಿಗೆ ಸದ್ದು ಕೇಳ್ಲಿ ಅಂತ ಕತ್ತಿಗೆ ಗೆಜ್ಜೆ ಕಟ್ಟೋದು, ಒಳಗೆ ಬಂದಾಗ ಬಿಚ್ಚಿ ಮೊಳೆಗೆ ಹಾಕೋದು. ಒಂದು ದಿನವೂ ತಪ್ಪಿಸಿಲ್ಲ. ಅಂದ್ರೆ ಇವತ್ತು ಬೆಕ್ಕು ಬಿಟ್ಟೋಳು ಅಕ್ಕ ಅಲ್ಲ. ಅವಳು ಚಿಲಕ ಹಾಕಿ ರಟ್ಟು ಒಣಗಿಸೋಕೆ ಹೋಗಿದ್ದಳು. ಬೆಕ್ಕಿನ ಹಿಂದೆ ಓಡೋಳು ರಟ್ಟನ್ನ ಅಷ್ಟು ಓರಣವಾಗಿ ಜೋಡಿಸ್ತಾಳಾ?"

"ತಾತನೇ ಬಿಟ್ಟಿರಬಹುದಲ್ಲ?" ಎಂದರು ಇನ್‌ಸ್ಪೆಕ್ಟರು.

"ತನ್ನ ಹಕ್ಕಿಗಳ ಮಧ್ಯೆ, ಗೆಜ್ಜೆ ಇಲ್ಲದೆ? ಬೆಕ್ಕನ್ನ ಬಿಟ್ಟೋನಿಗೆ ಈ ಪದ್ಧತಿ ಗೊತ್ತೇ ಇರಲಿಲ್ಲ. ಅಕ್ಕನನ್ನ ತಳ್ಳಿದ ಮೇಲೆ, ತಾತನ ತಲೆಗೆ ಕಟ್ಟೋಕೆ ಜಗಳಕ್ಕೊಂದು ಕಾರಣ ಬೇಕಿತ್ತು, ಅದಕ್ಕೇ ಬಿಟ್ಟ. ಹೊಸಬರನ್ನ ಕಂಡ್ರೆ ತುಂಟಿ ಮಂಚದಡಿ ಸೇರುತ್ತೆ. ಎಳೆದೋರನ್ನ ಪರಚದೆ ಬಿಡಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತೆ, ತಮ್ಮನ ಕೈ ತನ್ನ ತೋಳಿನತ್ತ ಹೋಯಿತು. ಇನ್‌ಸ್ಪೆಕ್ಟರು ಅಂಗಿಯ ತೋಳನ್ನು ಮೇಲಕ್ಕೆ ಮಡಚಿದರು. ಮೊಣಕೈವರೆಗೆ ಹಸಿ ಗೀರುಗಳಿದ್ದವು.

"ಬೆಕ್ಕುಗಳು ಓಡಾಡೋ ಜಾಗ, ಮಾರಲ್ಲ ಅಂದಳು," ಎಂದ ಅವನು ನೆಲ ನೋಡುತ್ತ. "ಒಡಹುಟ್ಟಿದೋನಿಗಿಂತ ಬೆಕ್ಕು ಹೆಚ್ಚಾಯ್ತು."

ಅವನನ್ನು ಕರೆದೊಯ್ದರು. ಅವನ ಮೇಲೆ ನನಗೆ ಅಸಹ್ಯವಾಯಿತು, ಅಕ್ಕನಿಗಾಗಿ ಅಳು ಬಂತು. ತುಂಟಿ ಇನ್ನೂ ಬಾಗಿಲು ಕೆರೆಯುತ್ತಿತ್ತು, ಅದರ ಮೀಸೆಗೆ ಬಿಳಿ ಪುಕ್ಕ ಅಂಟಿತ್ತು. ತಾತ ಮೊಳೆಯಿಂದ ಪಟ್ಟಿ ತೆಗೆದು ಅದರ ಮುಂದೆ ಕುಳಿತ. ಗಂಟು ಹಾಕಲು ಬಹಳ ಹೊತ್ತು ಹಿಡಿಯಿತು.

"ಅವಳು ಮಾತು ತಪ್ಪಲಿಲ್ಲ," ಎಂದು ಬಾಗಿಲು ತೆರೆದ.

ಗೆಜ್ಜೆಯ ಸದ್ದು ಮೆಟ್ಟಿಲು ಹತ್ತಿತು. ತಾರಸಿಯ ಹಕ್ಕಿಗಳೆಲ್ಲ ಒಮ್ಮೆಲೇ ಹಾರಿದವು. ತಾತ ಕಣ್ಣೊರೆಸಿಕೊಂಡು ಹೆಂಡತಿಗೆ ನೀರು ಕೊಡಲು ಹೋದ.