ತುಂಬಿತೇ ಎಂದು ಕೇಳಿದ ರಾಜಕುಮಾರ

ನಮ್ಮ ಅಜ್ಜಂದಿರ ಅಜ್ಜಂದಿರೂ ಕಣ್ಣು ಬಿಡದಿದ್ದ ಕಾಲದಲ್ಲಿ, ದೇವರ ದಯೆಯಿಂದ ಹಸಿರಾಗಿದ್ದ ಹೊಳಲಗಿರಿ ಎಂಬ ರಾಜ್ಯವಿತ್ತು. ಆ ನಾಡಿನಲ್ಲೊಂದು ವಾಡಿಕೆ. ಬಡಿಸಿದವರು "ತುಂಬಿತೇ?" ಎಂದು ಕೇಳಬೇಕು, ಉಂಡವರು "ತುಂಬಿತು" ಎನ್ನುವವರೆಗೆ ಬಡಿಸಿದವರು ಎದ್ದು ಹೋಗುವಂತಿಲ್ಲ.

ಆ ನಾಡಿನ ಬೆಟ್ಟದ ಮೇಲೆ ಧೂಮಕೇಶನೆಂಬ ಮಾಂತ್ರಿಕ ಕಪ್ಪು ಹೊಗೆ ಹಾಕಿ ಕೂತಿದ್ದ. ದುಃಖದಲ್ಲಿದ್ದವರಿಗೆ ಆ ಹೊಗೆ ತಗುಲಿದರೆ ಅವರು ಪಾದದಿಂದ ಮೇಲಕ್ಕೆ ಕಲ್ಲಾಗುತ್ತಿದ್ದರು. ರಾಜ ತೀರಿಕೊಂಡ ಮೇಲೆ ರಾಣಿ ಸಿರಿಯವ್ವೆ ಊಟ ಬಿಟ್ಟಳು. "ಅವರು ಎಲ್ಲಿ ಹೋದರು?" ಎಂದಷ್ಟೇ ಕೇಳುತ್ತ ಸೊಂಟದವರೆಗೆ ಕಲ್ಲಾದಳು. ಕಲ್ಲು ಎದೆಗೇರಿದರೆ ಉಸಿರು ನಿಲ್ಲುತ್ತದೆ.

ಮಗ ನಾಗಿದೇವ ಗುರುಕುಲದಲ್ಲಿ ಓದಿ ಬಂದವನು. ತಾಯಿಯ ಪಾದ ಮುಟ್ಟಿ, ದೇವರನ್ನು ನೆನೆದು, ಆ ಹೊಗೆ ಆರಿಸಲು ಬೆಟ್ಟ ಹತ್ತಿದ.

ಮಾಂತ್ರಿಕನ ಗವಿಯ ಮೊದಲ ಬಾಗಿಲಲ್ಲಿ ಹುಲಿಯಿತ್ತು. "ಸತ್ತವರು ಎಲ್ಲಿ ಹೋಗುತ್ತಾರೆ?" ಎಂದು ಕೇಳಿತು. ನಾಗಿದೇವನಿಗೆ ಖುಷಿಯಾಯಿತು. ಕಲಿತ ಸೂತ್ರವನ್ನೆಲ್ಲ ಹೇಳಿದ, ಅದರ ಮೇಲಿನ ಭಾಷ್ಯ ಹೇಳಿದ, ಭಾಷ್ಯದ ಮೇಲಿನ ಟೀಕೆಯನ್ನೂ ಹೇಳಿದ. ಒಂದೊಂದು ಮಾತಿಗೂ ಹುಲಿ ಬೆಳೆದು ಆನೆಯಷ್ಟಾಯಿತು. ಅವನು ಎದ್ದುಬಿದ್ದು ಓಡಿದ.

ಬೆಟ್ಟದ ಬುಡದಲ್ಲಿ ಕಲ್ಲವ್ವ ಎಂಬಾಕೆ ದಾರಿಹೋಕರಿಗೆ ಅನ್ನ ಹಾಕುತ್ತಿದ್ದಳು. ಅವನು ತುತ್ತು ಹಿಡಿದುಕೊಂಡೇ ಕೂತಿದ್ದು ನೋಡಿ ನಕ್ಕಳು. "ಯಾಕಪ್ಪಾ, ಅನ್ನ ನಿನ್ನನ್ನ ತಿನ್ನುತ್ತೇನೋ ಅನ್ನೋ ಹಾಗೆ ನೋಡ್ತಿದ್ದೀ?" ಅವನು ಉಂಡ. ಅವಳು ಕದಲದೆ ಕೂತು, "ತುಂಬಿತೇ?" ಎಂದಳು.

ನಾಗಿದೇವನ ಕೈ ಎಲೆಯ ಮೇಲೆ ನಿಂತಿತು. ಹುಲಿಗೆ ಅಷ್ಟೆಲ್ಲ ಬಡಿಸಿದೆ, ಈ ಒಂದು ಮಾತು ಕೇಳಲಿಲ್ಲವಲ್ಲ ಎಂದುಕೊಂಡ. ಅದು ಹಸಿವಿನಿಂದ ಬೆಳೆದಿತ್ತು.

ಮತ್ತೆ ಹತ್ತಿದ. ಹುಲಿ ಅದನ್ನೇ ಕೇಳಿತು. ಈ ಸಲ ಅವನು ಅದರ ಮುಂದೆ ಕೂತ. "ಹಗಲೆಲ್ಲ ಆಡಿದ ಮಗು ಅಮ್ಮನ ಮಡಿಲಲ್ಲಿ ಮಲಗುತ್ತದೆ. ಆಟ ಮುಗಿಯಿತು, ಮಡಿಲು ಮುಗಿಯಲಿಲ್ಲ. ದೇವರು ಆ ಮಡಿಲು. ತುಂಬಿತೇ?"

"ತುಂಬಿತು," ಎಂದ ಹುಲಿ ಬೆಕ್ಕಾಗಿ ಅವನ ಕಾಲಿಗೆ ಮೈ ತಿಕ್ಕಿತು.

ಎರಡನೆಯ ಬಾಗಿಲಲ್ಲಿ ಹೆಬ್ಬಾವು. ದೇವರು ಕಾಣುವುದಿಲ್ಲವಲ್ಲ, ಇದ್ದಾನೆಂದು ಹೇಗೆ ನಂಬಲಿ ಎಂದಿತು. ಅವನು ಬೇರು, ಮರ ಎಂದು ಏನೋ ಹೇಳಿದ. "ತುಂಬಲಿಲ್ಲ," ಎಂದು ಹಾವು ಅವನ ಮೈಗೆ ಒಂದು ಸುತ್ತು ಸುತ್ತಿಕೊಂಡಿತು. ಅವನು ಬೇಸರಿಸದೆ ಮತ್ತೆ ಬಡಿಸಿದ. ಕತ್ತಲ ಕೋಣೆಯಲ್ಲಿ ಮಲ್ಲಿಗೆಯಿದ್ದರೆ ಕಣ್ಣಿಗೆ ಬೀಳದು, ಆದರೂ ಇದೆಯೆಂದು ಗೊತ್ತಾಗುತ್ತದೆ ಎಂದ. ಹಾವು ಹಿಡಿತ ಸಡಿಲಿಸಿ ಹೂಬಳ್ಳಿಯಾಗಿ ಬಾಗಿಲಿಗೆ ಹಬ್ಬಿತು.

ಒಳಗೆ ಧೂಮಕೇಶ ಒಲೆಗೆ ಊದುತ್ತಿದ್ದ. ಜನಕ್ಕೆಲ್ಲ ತಿಳಿಯುವ ಹಾಗೆ ಹೇಳಿಬಿಟ್ಟರೆ ನನಗೆ ಹೆದರುವವರು ಯಾರು ಎಂದು ಗದರಿದ. "ಹೇಳು ಮರಿಪಂಡಿತ, ನೀನು ಯಾರು?"

ನಾಗಿದೇವ ಒಲೆಯ ಪಕ್ಕ ಅವನೆದುರು ಕೂತ. "ಪೂರ್ತಿ ಗೊತ್ತಿಲ್ಲ. ನನ್ನೊಳಗೆ ಅಳುವುದೂ ನಿನ್ನೊಳಗೆ ಅಳುವುದೂ ಒಂದೇ ಎಂಬಷ್ಟು ಗೊತ್ತು. ತುಂಬಿತೇ, ಅಣ್ಣಾ?"

ಆ ಮಾಂತ್ರಿಕನನ್ನು ಹಾಗೆ ಯಾರೂ ಕೇಳಿರಲಿಲ್ಲ. ಅವನ ಕಣ್ಣೀರು ಒಲೆಗೆ ಬಿತ್ತು, ಬೆಂಕಿ ಆರಿತು, ಹೊಗೆ ಚದುರಿತು. ಅವನ ಮಂತ್ರಶಕ್ತಿಯೂ ಹೊಗೆಯೊಂದಿಗೇ ಹೋಯಿತು.

ಆದರೂ ಆಗಲೇ ಕಲ್ಲಾಗಿದ್ದವರು ಹಾಗೇ ಇದ್ದರು. ಅರಮನೆಗೆ ಓಡಿ ಬಂದಾಗ ಕಲ್ಲು ತಾಯಿಯ ಎದೆಯಂಚಿಗೆ ಬಂದಿತ್ತು. ನಾಗಿದೇವ ಅವಳ ಎದುರು ನೆಲಕ್ಕೆ ಕೂತು, ಅದೇ ಮಗುವಿನ ಮಾತು, ಅದೇ ಮಡಿಲಿನ ಮಾತು ಹೇಳಿದ.

"ತುಂಬಿತೇ, ಅವ್ವಾ?"

ತುಂಬಿತೆನ್ನುವವರೆಗೆ ಅವನು ಏಳುವಂತಿರಲಿಲ್ಲ, ಕೂತೇ ಇದ್ದ. ನಿಧಾನವಾಗಿ ಅವಳ ಕಾಲ್ಬೆರಳು ಅಲುಗಿತು.

"ಇದು ತುಂಬಿತು, ಮಗಾ," ಎಂದಳು ರಾಣಿ. "ಇನ್ನು ಅನ್ನ ಹಾಕು."

ಆ ಮಾತು ಮನೆಮನೆಗೆ ಹೋಯಿತು, ಕಲ್ಲಾದವರೆಲ್ಲ ಎದ್ದು ನಡೆದರು. ಕಲ್ಲವ್ವನ ಪಂಕ್ತಿಯಲ್ಲಿ ಬಡಿಸಲು ಧೂಮಕೇಶನೂ ನಿಂತ. ಭಗವಂತನ ಕೃಪೆಯಿಂದ ಹೊಳಲಗಿರಿಯವರು ಹೊಟ್ಟೆಗೂ ಮನಸ್ಸಿಗೂ ಉಂಡು ಸುಖವಾಗಿದ್ದರು. ಕೇಳಿದ ನೀವೂ ಹಾಗೇ ಇರಿ.