ಗೂಡ್ಸ್ ಡಬ್ಬಿಯ ಮೊಳೆ

"ಆ ಮೊಳಿ ಕೀಳಬ್ಯಾಡ್ರಿ ಸಾಹೇಬ್ರ, ನಿಮ್ಮ ಕಾಲಿಗಿ ಬೀಳ್ತೀನಿ," ಎಂದಳು ರೈಲ್ವೆ ಯಾರ್ಡು ಗುಡಿಸುವ ಆಶಾಬಿ.

ಹುಬ್ಬಳ್ಳಿಯಿಂದ ವಾಡಿಗೆ ವರ್ಗವಾಗಿ ಬಂದು ತಿಂಗಳೂ ಆಗದ ಬಡಗಿ ಮೇಸ್ತ್ರಿ ನಾಗೇಂದ್ರಪ್ಪ ನಕ್ಕುಬಿಟ್ಟ. ಎಪ್ಪತ್ತೆಂಟನೇ ಇಸವಿ. ನಿಜಾಮನ ಕಾಲದ ಗೂಡ್ಸ್ ಡಬ್ಬಿಯೊಂದನ್ನು ಪ್ರದರ್ಶನಕ್ಕಿಡಲು ರಿಪೇರಿ ಮಾಡಿಕೊಡಬೇಕಿತ್ತು. ಒಳಗೆ ಕಾಲಿಟ್ಟರೆ ಮುಗ್ಗಿದ ಶೇಂಗಾ, ಇಲಿಹಿಕ್ಕೆ, ತುಕ್ಕಿನ ವಾಸನೆ. ಬಾಗಿಲ ಪಕ್ಕದ ಹಲಗೆಯಲ್ಲಿ ಗೇಣುದ್ದದ ಮೊಳೆ, ಕುಂಕುಮ ಮೆತ್ತಿ ಕರ್ರಗಾಗಿತ್ತು.

"ಹಿಂದಕ ಈ ಊರಾಗ ಕೂಸುಗೋಳ್ನ ನುಂಗೋ ಬ್ಯಾನಿ ಬಂದಿತ್ರಿ. ಕುಂಚಾವರಂದ ಮಂತ್ರಗಾರ ಅದನ್ನ ಮೊಳಿಗಿ ಕಟ್ಟಿ ಇದರಾಗ ಹೊಡದ. ಗಾಡಿ ಸಂಗಟ ಗಡಿ ದಾಟಿ ಹೋಗ್ಲಿ ಅಂತ. ಡಬ್ಬಿ ಹೊಳ್ಳಿ ಬಂತು."

"ಬ್ಯಾನಿಗಿ ಒಂದ ಕಡೀ ಟಿಕೀಟ ತಗಸಬೇಕಿತ್ತವಾ!"

ಕಿತ್ತೇ ಕಿತ್ತ. ಹುಳ ತಿಂದ ಹಲಗೆ ಬಚ್ಚಲೊಲೆಗೆ ಹೋಯಿತು. ಮೊಳೆ ಮಾತ್ರ ಕಮ್ಮಾರ ಕೈಯಾರೆ ಬಡಿದದ್ದು, ಗಟ್ಟಿ ಮಾಲು. ಒಳ್ಳೆ ಕಬ್ಬಿಣ ಕಂಡರೆ ಬಡಗಿಯ ಕೈ ಸುಮ್ಮನಿರುತ್ತದೆಯೇ? ಯಾರ್ಡಿನ ಬೇಲಿಗೆ ಅಂಟಿಕೊಂಡಿದ್ದ ತನ್ನ ಮನೆಗೆ ಒಯ್ದು, ತೊಟ್ಟಿಲು ತೂಗುವ ತೊಲೆಗೇ ಹೊಡೆದ. ಹತ್ತು ವರ್ಷ ಹರಕೆ ಹೊತ್ತ ಮೇಲೆ ಹುಟ್ಟಿದ ಮಗಳ ತೊಟ್ಟಿಲು ಅದು, ಪಾಪ.

ಮೂರನೇ ದಿನ ಕೂಸಿನ ದನಿ ನಿಂತಿತು. ಬಾಯಿ ತೆರೆಯುತ್ತಿತ್ತು, ಅಳು ಹೊರಡುತ್ತಿರಲಿಲ್ಲ. ಮೈ ತಣ್ಣಗೆ. ದವಾಖಾನೆಯವರು ಕೈಚೆಲ್ಲಿದರು. ಮನೆ ತುಂಬ ಮುಗ್ಗಿದ ಶೇಂಗಾದ ವಾಸನೆ.

"ಏನರ ಮಾಡ್ರೀ, ನನ್ನ ಕೂಸು ಹೋಗಾಕತ್ತದ!" ಹೆಂಡತಿ ಗುರುಲಿಂಗಮ್ಮ ಎದೆ ಬಡಿದುಕೊಂಡಳು.

ನಾಗೇಂದ್ರಪ್ಪನ ನಗು ಎಲ್ಲಿ ಹೋಗಿತ್ತೋ! ಮೊಳೆ ಕಿತ್ತುಕೊಂಡು ಉರಿಬಿಸಿಲಲ್ಲಿ ಡಬ್ಬಿಗೆ ಓಡಿದ. ಹೊಸ ಹಲಗೆಗೆ ಬಡಿದ. ಮೊಳೆ ಸಿಡಿದು ಬಿತ್ತು. ಮತ್ತೆ ಬಡಿದ. ಮತ್ತೆ ಬಿತ್ತು.

"ಅದೇ ಹಳೀ ಹಲಗಿ ಬೇಕ್ರಿ," ಎಂದಳು ಬಾಗಿಲಲ್ಲಿ ನಿಂತಿದ್ದ ಆಶಾಬಿ.

"ಸುಟ್ಟು ಬೂದಿ ಆಗೇದಲ್ಲವಾ!"

"ಹಂಗಾರ… ಕಿತ್ತ ಕೈನ ಬೇಕ್ರಿ."

ಬಾಗಿಲು ತಾನಾಗಿಯೇ ಜಾರಿ ಮುಚ್ಚಿಕೊಂಡಿತು. ಕತ್ತಲೆ. ಕತ್ತಲೊಳಗೆ ಸಣ್ಣ ಸಣ್ಣ ಉಸಿರು. ಒಂದಲ್ಲ, ಹತ್ತಾರು. ಕಾಲ ಬಳಿ. ಕಿವಿಯ ಬಳಿ. ಬಲಗೈಯನ್ನು ಹಲಗೆಗೆ ಒತ್ತಿದ. ಮೊಳೆ ತಾನೇ ಬಂದು ಕೈ ಮೇಲೆ ನೆಟ್ಟಗೆ ನಿಂತಿತು. ಎಡಗೈಯಲ್ಲಿ ಸುತ್ತಿಗೆ ಎತ್ತಿದ. ಬಡಿದ.

ಈ ಸಲ ಬೀಳಲಿಲ್ಲ.

ಬಾಗಿಲು ಸರಿಯಿತು. ಬೇಲಿಯಾಚೆಯಿಂದ ಕೂಸಿನ ಅಳು! ಜೋರು ಅಳು! "ಯಾ ಅಲ್ಲಾ!" ಎಂದು ಆಶಾಬಿ ಎರಡೂ ಕೈ ಮೇಲೆತ್ತಿದಳು. ನಾಗೇಂದ್ರಪ್ಪ ಅಳುತ್ತಲೇ ನಕ್ಕ. ಕೈ ಬಿಡಿಸಿಕೊಳ್ಳಲು ಮೊಳೆಯನ್ನು ಜಗ್ಗಿದ.

ಅಳು ನಿಂತಿತು.

ಗಾಬರಿಯಾಗಿ ಬಿಟ್ಟ. ಕೂಸು ಮತ್ತೆ ಅತ್ತಿತು.

ಅದನ್ನೇ ಕೇಳುತ್ತ, ಎಡಗೈಯಿಂದ ಬಲಗೈಯ ಮಣಿಕಟ್ಟು ಸವರಿಕೊಂಡ. ಆಮೇಲೆ ಮೆಲ್ಲಗೆ ಅಂದ:

"ಆಶಾಬಿ, ನನ್ನ ಗರಗಸ ತಾರವಾ."