ಏಳು ಗಂಟೆಯ ತಿದ್ದುಪಡಿ

ಮಾರ್ಚ್ ಹನ್ನೊಂದು, ಬೆಳಗ್ಗೆ ಆರು ಗಂಟೆ ಹದಿನೆಂಟು ನಿಮಿಷ.

ಕಣಿವೆಯ ಮಂಜು ಇನ್ನೂ ಕರಗಿರಲಿಲ್ಲ. ಬೆಟ್ಟದ ನೆತ್ತಿಯ ಪುಟ್ಟ ರೇಡಿಯೋ ಕೇಂದ್ರದಲ್ಲಿ ಉದ್ಘೋಷಕಿ ಮೈಕಿನ ಮುಂದೆ ಕುಳಿತು, ತನ್ನ ಜನರ ನುಡಿಯಲ್ಲಿ ಒಂದರಿಂದ ಹತ್ತರವರೆಗೆ ಎಣಿಸಿದಳು. ಆ ನುಡಿಯನ್ನಾಡುವ ರೇಡಿಯೋ ಲೋಕದಲ್ಲಿ ಇದೊಂದೇ.

ದುರಸ್ತಿಯಾದ ಟ್ರಾನ್ಸ್‌ಮಿಟರ್‌ನ ಕೊನೆಯ ಪರೀಕ್ಷೆ ಅದು. ಪಾಸಾದರೆ ಇಂಜಿನಿಯರ್ ಮಧ್ಯಾಹ್ನದ ಬಸ್ಸಿಗೆ ಹೊರಟುಬಿಡುತ್ತಾನೆ...

ಇನ್ನೊಂದು ಸಲ ಕೆಟ್ಟುಹೋಗಬಾರದಾ!

ಪಕ್ಕದ ಕೋಣೆಯ ಮೈಕಿನಿಂದ ಅವನ ದನಿ, ಅವಳದೇ ನುಡಿಯಲ್ಲಿ, ತೇಲಿ ಬಂತು: "ಕೇಳಿಸಿತು."

ಅವಳು ಥಟ್ಟನೆ ಪಕ್ಕದ ಕೋಣೆಯತ್ತ ತಿರುಗಿದಳು.

ಆ ನುಡಿಯಲ್ಲಿ 'ಕೇಳಿಸಿತು' ಎನ್ನಲು ಎರಡು ಪದ. ಕಿವಿಗೆ ಬಿದ್ದರೆ ಒಂದು. ಮನಸ್ಸಿಗೆ ಬಿದ್ದರೆ ಇನ್ನೊಂದು. ಹೆಣ್ಣು ಮದುವೆಯಾಗೋಣವೇ ಎಂದು ಕೇಳಿದಾಗ, ಗಂಡು ಒಪ್ಪಿ ಹೇಳುವ ಪದ ಆ ಎರಡನೆಯದು.

ಅವನು ಹೇಳಿದ್ದು ಅದನ್ನೇ. ಇಡೀ ಕಣಿವೆಗೆ ಕೇಳುವಂತೆ!

ಫೋನ್ ಹೊಡೆದುಕೊಂಡಿತು. ಅಜ್ಜಿ.

"ಏನೇ ಕಳ್ಳಿ, ಹುಡುಗ ಒಪ್ಕೊಂಡ್ನಲ್ಲೇ! ನೀನು ಕೇಳಿದ್ದು ಯಾವಾಗ?"

"ಅಯ್ಯೋ ಅಜ್ಜೀ, ನಾನೇನೂ ಕೇಳಿಲ್ಲ! ಅವ್ರು ಪದ ತಪ್ಪಿದಾರೆ ಅಷ್ಟೇ."

"ಹಾಗಾದ್ರೆ ಏಳು ಗಂಟೆ ಸುದ್ದೀಲಿ ತಿದ್ದುಪಡಿ ಹೇಳು. ಪಕ್ಕದ್ಮನೆಯವಳು ಆಗ್ಲೇ ಹೊಸ ಬಟ್ಟೆ ತೆಗೆದಿಟ್ಟಿದಾಳೆ!"

ಅವಳು ಚೀಟಿಯಲ್ಲಿ ತಿದ್ದುಪಡಿ ಬರೆದಳು. ನೆಲ ನೋಡುತ್ತಲೇ ಅವನಿಗೆ ಪದದ ಅರ್ಥ ಬಿಡಿಸಿ ಹೇಳಿದಳು. ಅವನ ಮುಖ ಕೆಂಪಾಯಿತು. ಕೈಯಲ್ಲಿದ್ದ ತಂತಿಯನ್ನು ಸುಮ್ಮಸುಮ್ಮನೆ ಸುತ್ತತೊಡಗಿದ.

ಮುಜುಗರವಾಯಿತೇನೋ... ಎರಡು ತಿಂಗಳು ಒಟ್ಟಿಗೆ ಕುಡಿದ ಚಹಾ, ತಂತಿಗಳ ನಡುವಿನ ಆ ನಗು, ಎಲ್ಲ ನಾನೊಬ್ಬಳೇ ನೇಯ್ದ ಕನಸೇ?

"ತಪ್ಪು ಮಾಡಿದ್ದು ನಾನು. ನಾನೇ ಹೇಳ್ತೀನಿ ಕೊಡಿ," ಎಂದ ಕೊನೆಗೆ.

ಏಳು ಗಂಟೆ. ಕೆಂಪು ದೀಪ ಹತ್ತಿತು. ಅವನು ಚೀಟಿಯನ್ನು ಮಡಚಿ ಜೇಬಿಗಿಟ್ಟ!

"ಆ ಪದದ ಅರ್ಥ ಆಗ ಗೊತ್ತಿರ್ಲಿಲ್ಲ," ಎಂದು ಅವಳ ನುಡಿಯಲ್ಲೇ ತೊದಲಿದ. "ಈಗ ಗೊತ್ತು. ವಾಪಸ್ ತಗೊಳ್ಳಲ್ಲ. ತಪ್ಪಾಗಿದ್ದು ಇಷ್ಟೇ... ಅವ್ರು ಕೇಳೋಕೆ ಮುಂಚೇನೇ ಉತ್ತರ ಹೇಳ್ಬಿಟ್ಟೆ."

ದಿನವೂ ಕಣಿವೆಗೆಲ್ಲ ಮಾತಾಡುವವಳಿಗೆ ಒಂದು ಅಕ್ಷರವೂ ಸಿಗಲಿಲ್ಲ. ಕಿಟಕಿಯಾಚೆ ಮಂಜು ಬೆಳಕಾಗುತ್ತಿತ್ತು. ಕೋಣೆಯೇ ಅದರ ಮೇಲೆ ತೇಲುತ್ತಿರುವಂತೆ...

"ಹಾಗಾದ್ರೆ... ಈಗ ಕೇಳ್ಲಾ?"

"ಮೈಕ್ ಆನ್ ಇದೆ ಕಣ್ರೀ."

"ಇರ್ಲಿ ಬಿಡಿ. ಅಜ್ಜೀಗೆ ಬೇರೆ ಫೋನ್ ಮಾಡೋದು ತಪ್ಪುತ್ತೆ."

ಕೇಳಿದಳು.

ಅವನ ಮಾತು ಮುಗಿದ ಮೇಲೆ, ಅವಳು ಬಾಯಿ ತೆರೆಯುವ ಮುನ್ನ ಪ್ರಸಾರದಲ್ಲಿದ್ದ ಮೌನವನ್ನು ಕೇಂದ್ರದ ಯಂತ್ರ ದಾಖಲಿಸಿಕೊಂಡಿದೆ: ಇಪ್ಪತ್ತಮೂರು ಸೆಕೆಂಡು.